ಹಿತ್ತಲಲ್ಲಿ ಸ್ಟಾರ್ಟ್ ಆದ ಕಾರು

ಕಾರು ಸ್ಟಾರ್ಟ್ ಆದ ಸದ್ದು — ಎಲ್ಲಿಂದ, ನಮ್ಮ ಹಿತ್ತಲಿಂದಲೇ, ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡಿದ್ದೇನೆ, ಒದ್ದೆ ಚಾದರದ ಒಂದು ತುದಿ ತಂತಿಯ ಮೇಲೆ, ಇನ್ನೊಂದು ಕೈಯಲ್ಲಿ, ಸಮುದ್ರದ ಕಡೆಯ ಗಾಳಿ ಅದನ್ನು ಉಬ್ಬಿಸಿ ನನ್ನ ಮುಖಕ್ಕೆ ಬಡಿಯುತ್ತಿದೆ, ಮತ್ತೆ ಅದೇ ಸದ್ದು, ಗುರ್ರೆಂದು ಎದ್ದು, ಏರಿ, ಇಳಿದು, ಯಾರೋ ಆಕ್ಸಿಲರೇಟರ್ ಒತ್ತಿ ಒತ್ತಿ ಬಿಡುವ ಹಾಗೆ, ಆದರೆ ನಮ್ಮಲ್ಲಿ ಕಾರೆಲ್ಲಿದೆ, ಹೋದ ಜನವರಿಯಲ್ಲ ಅದರ ಹಿಂದಿನ ಜನವರಿಯಿಂದ ಇಲ್ಲ, ಆ ಪಿಕಪ್ ಗಾಡಿಯನ್ನು ಗುಜರಿಯವರು ಬಂದು ಎಳೆದುಕೊಂಡು ಹೋದರು, ಅವತ್ತಿಂದ ದೊಡ್ಡ ಗೇಟಿನ ಒಂದೇ ಬಾಗಿಲು ತೆಗೆಯುತ್ತೇವೆ, ಮನುಷ್ಯರಿಗೆ ಅಷ್ಟು ಸಾಕು — ಮಗಳು ಐಲೇನ್ ಎಲ್ಲಿ, ಮೊದಲು ಬಂದದ್ದು ಅದೇ ಯೋಚನೆ, ಈ ಸದ್ದು ಕೇಳಿ ಮಗು ಎಲ್ಲಿ ಹೋಗಿ ನಿಂತಳೋ, ಚಾದರ ಕೈ ಜಾರಿ ಹುಲ್ಲಿನ ಮೇಲೆ ಬಿತ್ತು, ಮತ್ತೆ ಜಾಲಿಸಬೇಕು, ಬೀಳಲಿ, ಅಷ್ಟರಲ್ಲಿ ಟೈರು ಕಿರುಚಿತು, ಅದರ ಹಿಂದೆಯೇ ತಗಡು ಬಡಿದಂಥ ಒಂದು ಸಂಗೀತ, ಟಿಂಟಿಂ ಟಿಂಟಿಂ, ಆಗ ಗೊತ್ತಾಯಿತು, ಅಯ್ಯೋ ನನ್ನ ಪೆದ್ದುತನವೇ, ಅದು ಶೆಡ್ಡಿನಲ್ಲಿರುವ ಆಟದ ಪೆಟ್ಟಿಗೆ, ನನ್ನ ಗಂಡ ಗೆರ್ಮಾನ್ ಕೊನೆಗೂ ಅದರ ಬಾಯಿ ಬಿಡಿಸಿದ್ದಾನೆ, ನಗು ಬಂತು, ಬಾಯಲ್ಲಿದ್ದ ಕ್ಲಿಪ್ಪುಗಳು ಚಾದರದ ಮೇಲೆ ಉದುರಿದವು, ಎದೆ ಮಾತ್ರ ಇನ್ನೂ ಬಡಿಯುತ್ತಲೇ ಇದೆ, ಅದಕ್ಕೆ ಯಾರಾದರೂ ನಿಧಾನವಾಗಿ ತಿಳಿಸಿ ಹೇಳಬೇಕು, ಆಟದ ಕಾರು, ಬರೀ ಆಟದ ಕಾರು ಅಂತ.

ಇಷ್ಟು ದಿನ ಮೂಕವಾಗಿತ್ತು ಅದು, ಚಿತ್ರ ಬರುತ್ತಿತ್ತು ಸದ್ದಿಲ್ಲ, ಅದಕ್ಕೂ ಮೊದಲು ಚಿತ್ರವೂ ಇರಲಿಲ್ಲ, ಉಪ್ಪುಗಾಳಿ ತಿಂದು ಅಂಚೆಲ್ಲ ಉಬ್ಬಿಹೋದ ಮರದ ಪೆಟ್ಟಿಗೆ, ಮುಂದೆ ಕಾರಿನಂಥದೇ ಸೀಟು, ಸ್ಟೀರಿಂಗು, ಕೆಳಗೆ ಎರಡು ಪೆಡಲ್ಲು, ಎದುರಿಗೆ ಪರದೆ, ನಮ್ಮ ನೆಕೊಚೆಯಾ ಊರಲ್ಲಿ ಹುಟ್ಟಿ ಬೆಳೆದ ಯಾರಿಗೆ ಅದು ಗೊತ್ತಿಲ್ಲ, ಪೇಟೆಬೀದಿಯ ಇತುರ್ರಾಲ್ದೆ ಮುದುಕನ ಫಿಚಿನ್ ಅಂಗಡಿ, ಇಂಥ ಆಟದ ಪೆಟ್ಟಿಗೆಗಳದೇ ಅಂಗಡಿ, ಬೇಸಿಗೆಯಲ್ಲಿ ರಾಜಧಾನಿಯ ಮಂದಿ ಬಿಸಿಲಿಗೆ ಸುಟ್ಟುಕೊಂಡು ಬಂದು ಸಾಲು ನಿಲ್ಲುತ್ತಿದ್ದರು, ಚಳಿಗಾಲದಲ್ಲಿ ಊರವರು ಮಾತ್ರ, ಒಂದು ಹಿತ್ತಾಳೆ ಬಿಲ್ಲೆ ಹಾಕಿದರೆ ಒಂದು ಆಟ, ಗೆರ್ಮಾನ್ ನನ್ನನ್ನು ಮೊದಲ ಸಲ ಕರೆದುಕೊಂಡು ಹೋದದ್ದು ಸಿನಿಮಾಕ್ಕಲ್ಲ, ಅಲ್ಲಿಗೆ, ಇದೇ ಸೀಟಿನಲ್ಲಿ ಕೂರಿಸಿ ಹಿಂದೆ ನಿಂತುಕೊಂಡು, ಬಲಕ್ಕೆ ಸುಲ್ಮಾ, ಬಲಕ್ಕೆ, ಅಲ್ಲ ಮಾರಾಯ್ತಿ ಅದು ಎಡ, ನಾನು ಪರದೆಯೊಳಗಿನ ಸಮುದ್ರಕ್ಕೆ ಹಾರಿದ್ದೆ, ಪರವಾಗಿಲ್ಲ ಬಿಡು, ನಾಳೆ ಮತ್ತೆ ಬರೋಣ, ಅಂದಿದ್ದ, ಆ ನಾಳೆಗಳೆಲ್ಲ ಸೇರಿ ಒಂದು ಮದುವೆಯಾಯಿತು. ಈಗ ಅಲ್ಲಿ ಫಿಚಿನ್ ಇಲ್ಲ, ಮುದುಕ ಅದೇ ಜಾಗದಲ್ಲಿ ಐಸ್‌ಕ್ರೀಮ್ ಮಾರುತ್ತಾನೆ, ಅವನ ಫ್ರೀಜರ್ ಕೆಟ್ಟು ಗಾಡಿಗೆ ಹೇರಿ ನಮ್ಮನೆಗೇ ಕಳಿಸಿದ, ಈಗ ಎಲ್ಲರೂ ಹಾಗೇ ಕಳಿಸುತ್ತಾರೆ, ಮೊದಲಾದರೆ ಗೆರ್ಮಾನ್ ಪಿಕಪ್ ಹತ್ತಿ ಊರೂರು ಸುತ್ತಿ ಜನರ ಫ್ರಿಜ್ಜು ವಾಷಿಂಗ್ ಮೆಷಿನ್ನು ರಿಪೇರಿ ಮಾಡುತ್ತಿದ್ದ, ಈಗ ಎಡಗಾಲು ಮಡಚದಂತಾದ ಮೇಲೆ ಫ್ರಿಜ್ಜುಗಳೇ ಅವನನ್ನು ಹುಡುಕಿಕೊಂಡು ಬರುತ್ತವೆ, ಅದನ್ನೂ ತಮಾಷೆ ಮಾಡುತ್ತಾನೆ, ಡಾಕ್ಟರಾಗ್ಬಿಟ್ಟೆ ಕಣೇ, ಪೇಷೆಂಟು ಮನೆಗೇ ಬರ್ತಾರೆ. ಕೂಲಿಯ ಬದಲು ಹಿಂದಿನ ಕೋಣೇಲಿರೋ ರೇಸಿನ ಪೆಟ್ಟಿಗೆ ಕೊಡ್ತೀರಾ ಅಂತ ಕೇಳಿದ, ಮುದುಕ ನಕ್ಕ, ಅದು ಸತ್ತು ಎಷ್ಟು ವರ್ಷ ಆಯ್ತೋ ಹುಡುಗ, ನನ್ನನ್ನೂ ಹಾಗೇ ಅಂದಿದ್ರು ಇತುರ್ರಾಲ್ದೆಯವರೇ, ಅಂದ ಗೆರ್ಮಾನ್, ಮುದುಕ ಹಳೆಯ ಬಿಲ್ಲೆಗಳ ಒಂದು ಡಬ್ಬಿಯನ್ನೂ ಜೊತೆಗಿಟ್ಟು ಕಳಿಸಿದ. ಅವತ್ತು ಒಂದೇ ಒಂದು ದಿನ ಗೇಟಿನ ಎರಡೂ ಬಾಗಿಲು ತೆಗೆದೆವು, ಬಿಜಾಗರಿ ತುಕ್ಕು ಹಿಡಿದು ಕೂತಿತ್ತು, ಅಡುಗೆ ಎಣ್ಣೆ ಬಿಟ್ಟೆ.

ಚಾದರ ಎತ್ತಿದೆ, ಹುಲ್ಲಿನ ಕಡ್ಡಿ ಅಂಟಿಕೊಂಡಿವೆ, ಇರಲಿ ಬಕೆಟ್ಟಿನಲ್ಲಿ, ಮೊದಲು ಐಲೇನ್ ಎಲ್ಲಿ ನೋಡಬೇಕು, ಇದನ್ನೆಲ್ಲ ಕೈಯಲ್ಲಿ ಒಗೆಯುವ ಗತಿ ಬಂದದ್ದೂ ಹಾಗೇ ವಿಚಿತ್ರ, ನಿನ್ನೆ ನಮ್ಮ ವಾಷಿಂಗ್ ಮೆಷಿನ್ನು ಅರ್ಧಕ್ಕೇ ನಿಂತಿತು, ಅಲ್ಲ, ಶುರುವೇ ಆಗಲಿಲ್ಲ, ಟೈಮರಿನ ಗುಂಡಿ ತಿರುಗಿಸಿದರೆ ಸುಮ್ಮನೆ ತಿರುಗುತ್ತದೆ, ಗೆರ್ಮಾನ್ ನೋಡೋ ಅಂದರೆ, ನೋಡ್ತೀನಿ ನೋಡ್ತೀನಿ, ಮುಖ ಆ ಕಡೆ ತಿರುಗಿಸಿ ಹೇಳಿದ, ಊರಿನ ಮೆಷಿನ್ನುಗಳನ್ನೆಲ್ಲ ಸರಿ ಮಾಡುವವನ ಹೆಂಡತಿ ಚಳಿಯಲ್ಲಿ ಕೈಯಲ್ಲಿ ಒಗೆಯಬೇಕು, ಬೆರಳ ತುದಿ ಕೆಂಪಾಗಿ ಮರಗಟ್ಟಿವೆ, ಆದರೂ ಯಾಕೋ ಬೇಜಾರಿಲ್ಲ, ಬಿಸಿಲು ಬಂದಿದೆ, ಶನಿವಾರ, ಶಾಲೆಯಿಲ್ಲ, ಗಾಳಿಯಲ್ಲಿ ಪೈನ್ ಮರಗಳ ವಾಸನೆ, ಬಂದರಿನ ಗೋಧಿಯ ಧೂಳಿನ ವಾಸನೆ, ಶೆಡ್ಡಿನೊಳಗೆ ಗೆರ್ಮಾನ್ ಶಿಳ್ಳೆ ಹಾಕುತ್ತಿದ್ದಾನೆ, ಅವನು ಶಿಳ್ಳೆ ಹಾಕಿ ಎಷ್ಟು ಕಾಲವಾಯಿತು, ಇವಳೆಲ್ಲಿ. ಇದ್ದಾಳೆ, ಶೆಡ್ಡಿನ ಬಾಗಿಲಲ್ಲಿ, ಒಂದು ಕಾಲು ಒಳಗೆ ಒಂದು ಹೊರಗೆ, ಕೈಯಲ್ಲಿ ಉಪ್ಪುಕಾಗದದ ತುಂಡು, ಕೂದಲಲ್ಲಿ ಮರದ ಹುಡಿ, ಓಡಿ ಹೋಗಿಲ್ಲ, ಕಿವಿ ಮುಚ್ಚಿಕೊಂಡಿಲ್ಲ, ನಿಂತು ಕೇಳುತ್ತಿದ್ದಾಳೆ, ದೇವರೇ, ನಿಂತಿದ್ದಾಳೆ.

ಪೆಟ್ಟಿಗೆಯ ಅರ್ಧ ಕೆಲಸ ಅವಳದೇ, ಸೀಟಿನಡಿ ಅಂಟಿದ್ದ ಚೂಯಿಂಗ್ ಗಮ್ಮುಗಳನ್ನು ಹಳೇ ಚಾಕುವಿನಲ್ಲಿ ಕೆರೆದವಳು ಅವಳು, ಹಿಂದಿನ ಹಲಗೆ ತೆಗೆದಾಗ ಸಿಕ್ಕ ಇಲಿಗೂಡನ್ನು ಮೂಗು ಮುಚ್ಚದೆ ಎತ್ತಿ ಹಾಕಿದವಳು ಅವಳು, ಪಕ್ಕದ ಹಲಗೆಗಳನ್ನು ಉಜ್ಜಿ ನಯ ಮಾಡಿ ಕೆಂಪು ಪಟ್ಟೆ ಎಳೆದಳು, ಪಟ್ಟೆ ಒಂದು ಕಡೆ ಸೊಟ್ಟಗಿದೆ, ಅಲ್ಲಿ ಗಾಳಿ ಜೋರಿತ್ತು ಅಂದಳು, ಬಿಲ್ಲೆಗಳನ್ನೆಲ್ಲ ನಿಂಬೆರಸ ಉಪ್ಪು ಹಾಕಿ ತಿಕ್ಕಿ ಹೊಳೆಸಿದಳು, ಸೀಟಿನಲ್ಲಿ ಮಾತ್ರ ಕೂರುವುದಿಲ್ಲ, ಸೀಟು ಒರೆಸುವಾಗಲೂ ಪಕ್ಕದಲ್ಲಿ ಮೊಣಕಾಲೂರಿ ಒರೆಸುತ್ತಾಳೆ, ಬಸ್ಸಿನಲ್ಲೂ ಹಾಗೇ, ಕೊನೆಯ ಸಾಲಿಗೇ ಹೋಗುತ್ತಾಳೆ, ಯಾರ ಕಾರಿನಲ್ಲೂ ಮುಂದೆ ಕೂರುವುದಿಲ್ಲ, ಮತ್ತೆ ಮಾಟೆ, ನಾವೆಲ್ಲ ಒಂದೇ ಸೋರೆಬುರುಡೆಯಿಂದ ಕೊಳವೆಯಲ್ಲಿ ಹೀರುವ ಕಹಿ ಸೊಪ್ಪಿನ ಬಿಸಿ ಪಾನೀಯ — ಮಾಟೆಯ ಆ ಬುರುಡೆಯನ್ನು ಮುಟ್ಟುವುದಿಲ್ಲ, ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು, ಯಾಕೆಂದರೆ ಈ ಮನೆಯಲ್ಲಿ ಮಾಟೆ ಮಾಡಿ ಹಂಚುತ್ತಿದ್ದವಳು ಅವಳೇ, ಸ್ಟೂಲಿನ ಮೇಲೆ ಹತ್ತಿ ನಿಂತು, ಬುರುಡೆಗೆ ಸೊಪ್ಪಿನ ಪುಡಿ ತುಂಬಿ, ಅಂಗೈಯಲ್ಲಿ ಮುಚ್ಚಿ ಕುಲುಕಿ, ಕೊಳವೆ ನೆಟ್ಟು, ನೀರು ಕುದಿಯಬಾರದು ಅಮ್ಮ, ಕುದಿದ್ರೆ ಸೊಪ್ಪು ಸುಟ್ಟುಹೋಗುತ್ತೆ, ಅಂತ ನನಗೇ ಪಾಠ, ಮೊದಲ ಕಹಿ ಗುಟುಕು ತಾನೇ ಕುಡಿದು ಮುಖ ಹಿಂಡುತ್ತಿದ್ದಳು, ಹಂಚುವವರು ತಾನೆ ಮೊದಲ ಕಹಿ ಕುಡಿಯಬೇಕು, ಆಮೇಲೆ ಅಪ್ಪನಿಗೆ, ನನಗೆ, ಅಜ್ಜಿಗೆ, ಒಬ್ಬೊಬ್ಬರಿಗೂ ನೀರು ತುಂಬಿ ಅದೇ ಬುರುಡೆ, ಯಾರೂ ಸರದಿ ತಪ್ಪಿಸುವ ಹಾಗಿಲ್ಲ, ಪುಟ್ಟ ಪೊಲೀಸು. ಈಗ ನಾವು ಮಾಟೆ ಕುಡಿಯುವಾಗ ಅವಳಿಗೆ ಹೊರಗೆ ಏನೋ ಕೆಲಸ ಬಂದುಬಿಡುತ್ತದೆ.

ಅಡ್ಡಡ್ಡ ಕೇಳುತ್ತಾಳೆ, ನೇರ ಕೇಳುವುದಿಲ್ಲ. ಮೊನ್ನೆ ಸ್ಟೀರಿಂಗಿನ ಕೆಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಬಿಚ್ಚಿದಾಗ ಒಂದು ಹಲ್ಲು ಮುರಿದಿತ್ತು, ಅದಕ್ಕೇ ಯಾರೂ ಮುಟ್ಟದೆಯೂ ಪರದೆಯ ಕಾರು ತಾನಾಗಿ ಎಡಕ್ಕೆ ಎಡಕ್ಕೆ ಸರಿದು ಹುಲ್ಲಿಗೆ ಇಳಿಯುತ್ತಿತ್ತು, ಇವಳು ಚಕ್ರವನ್ನು ಬೆಳಕಿಗೆ ಹಿಡಿದು, ಅಪ್ಪ, ಇದು ಮೊದ್ಲೇ ಮುರಿದಿತ್ತಾ, ಇಲ್ಲ ಲಾರೀಲಿ ತರೋವಾಗ ಮುರೀತಾ, ಬಿರುಕಿನೊಳಗೆ ಹಳೇ ಗ್ರೀಸ್ ಕೂತಿದೆ ನೋಡು ಮಗಳೇ, ಮೊದ್ಲೇ ಮುರಿದದ್ದು, ಗ್ರೀಸ್ ಇಲ್ದೇ ಇದ್ದಿದ್ರೆ, ಅಂದಳು, ಆಗ ಹೇಳೋಕೆ ಕಷ್ಟ, ಅಂದ ಗೆರ್ಮಾನ್, ಸ್ಕ್ರೂ ಬಾಯಲ್ಲಿಟ್ಟುಕೊಂಡು, ಏನೂ ಗೊತ್ತಾಗದೆ, ನಾನು ಬಾಗಿಲಲ್ಲಿ ನಿಂತು ಅವಳ ಬೆನ್ನು ನೋಡುತ್ತಿದ್ದೆ, ಆ ಸಣ್ಣ ಬೆನ್ನು ಕಾಯುತ್ತಿತ್ತು, ಮತ್ತೆ, ಪಿಕಪ್ಪಿನ ರಾಡು, ಅಂದಳು, ಅಷ್ಟೇ, ಪ್ರಶ್ನೆಯೂ ಅಲ್ಲ, ಅದು ಗುಜರಿಗೆ ಹೋಯ್ತಲ್ಲ ಪುಟ್ಟಿ, ಅಂದ ಅವನು, ಹೌದಲ್ಲ, ಅಂದಳು, ಉಪ್ಪುಕಾಗದ ತಗೊಂಡು ಹಲಗೆ ಉಜ್ಜಲು ಹೋದಳು, ಆವತ್ತು ಸಂಜೆತನಕ ಒಂದೇ ಜಾಗ ಉಜ್ಜಿದಳು. ಅಪಘಾತವಾದ ಪಿಕಪ್ಪನ್ನು ನೋಡಿದ ಮೆಕ್ಯಾನಿಕ್ ಹೇಳಿದ್ದು ಅವಳಿಗೆ ನೆನಪಿದೆ, ನನ್ನ ಸ್ಕರ್ಟ್ ಹಿಡಿದು ಹಿಂದೆ ನಿಂತಿದ್ದಳಲ್ಲ, ಸ್ಟೀರಿಂಗ್ ರಾಡು ಮುರಿದಿದೆ ನಿಜ ಅಮ್ಮಾ, ಆದ್ರೆ ಮುರಿದು ಗಾಡಿ ಹಳ್ಳಕ್ಕೆ ಹೋಯ್ತೋ, ಗಾಡಿ ಹೋಗಿ ಮುರೀತೋ, ಅದನ್ನ ನಾ ಹೇಳಲಾರೆ. ನಾವು ಅವಳಿಗೆ ಎಷ್ಟೋ ಸಲ ಹೇಳಿದೆವು, ರಾಡು ಮುರಿದು ಹಾಗಾಯ್ತು, ನಿನ್ನದೇನೂ ಇಲ್ಲ, ತಲೆಯಾಡಿಸುತ್ತಾಳೆ, ರಿಪೇರಿಯವನ ಮಗಳು, ಮೊದಲು ಮುರಿದದ್ದು ಬೇರೆ ಆಮೇಲೆ ಮುರಿದದ್ದು ಬೇರೆ ಅಂತ ಅವಳಿಗೆ ಗೊತ್ತಿಲ್ಲವೇ. ಗೆರ್ಮಾನನನ್ನು ಕೇಳೋಣವೆಂದರೆ ಅವನಿಗೆ ಆ ದಿನವೇ ಇಲ್ಲ, ಪೆಟ್ರೋಲ್ ಹಾಕಿಸಿದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ಸೂರು, ನಡುವೆ ಬಿಳಿ. ಆಸ್ಪತ್ರೆಯಲ್ಲಿ ಮಕ್ಕಳ ಜೊತೆ ಮಾತಾಡುವ ಒಬ್ಬ ಹೆಂಗಸಿದ್ದಳು, ಒಳ್ಳೆಯವಳು, ನಿಮ್ಮ ಮಗಳೊಳಗೆ ಒಂದು ಪ್ರಶ್ನೆ ಇದೆ, ನೀವು ಊಹಿಸಿ ಬಾಯಿಗೆ ತುರುಕಬೇಡಿ, ತಪ್ಪಾದ್ದನ್ನ ತುರುಕಿದ್ರೆ ಅದೂ ಒಂದು ಸೇರಿಕೊಳ್ಳುತ್ತೆ, ಅವಳೇ ಕೇಳ್ತಾಳೆ, ಕಾಯಿರಿ, ಅಂದಳು, ಕಾಯುತ್ತಿದ್ದೇನೆ, ಹಿಟ್ಟು ನಾದುತ್ತಾ ಕಾಯುತ್ತೇನೆ, ಅವಳ ಜಡೆ ಹೆಣೆಯುತ್ತಾ ಕಾಯುತ್ತೇನೆ, ಬಾಚಣಿಗೆ ಹಿಡಿದು ಒಂದು ಕ್ಷಣ ಹೆಚ್ಚು ನಿಲ್ಲಿಸುತ್ತೇನೆ, ಈಗ ಕೇಳುತ್ತಾಳೇನೋ, ನೋವಾಗ್ತಿದೆ ಅಮ್ಮ, ಅನ್ನುತ್ತಾಳೆ, ಮತ್ತೆ ಹೆಣೆಯುತ್ತೇನೆ. ತನ್ನಿಂದಲೇ ಆಯಿತು ಅಂದುಕೊಂಡಿದ್ದಾಳೆ, ಅಷ್ಟು ನನಗೆ ಗೊತ್ತು, ಯಾವುದರಿಂದ, ಹೇಗೆ, ಅದು ಗೊತ್ತಿಲ್ಲ, ಗೊತ್ತಿಲ್ಲದ ಗಂಟನ್ನು ಯಾವ ಕೈಯಿಂದ ಬಿಚ್ಚಲಿ.

ಆ ಜನವರಿಯ ಮಧ್ಯಾಹ್ನ, ನಮ್ಮಲ್ಲಿ ಜನವರಿ ಅಂದರೆ ನಡುಬೇಸಿಗೆ, ಮಾರ್ ದೆಲ್ ಪ್ಲಾತಾದಿಂದ ಬರುತ್ತಿದ್ದರು ಇಬ್ಬರೇ, ಅಪ್ಪ ಮಗಳು, ಯಾರದೋ ಹೋಟೆಲಿನ ಫ್ರಿಜ್ಜು ರಿಪೇರಿ ಮಾಡಿ, ದಾರಿಯಲ್ಲಿ ಮಾಟೆ, ಡ್ರೈವರಿನ ಪಕ್ಕ ಕೂತವರದೇ ಅಲ್ಲವೇ ಆ ಕೆಲಸ, ನಮ್ಮ ರಸ್ತೆಗಳಲ್ಲಿ ಯಾರ ಕಾರಿನೊಳಗೆ ಇಣುಕಿದರೂ ಅದೇ, ಓಡಿಸುವವನ ಕಣ್ಣು ರಸ್ತೆಯ ಮೇಲೆ, ಪಕ್ಕದವರ ಕಾಲ ನಡುವೆ ಥರ್ಮಸ್, ಕೈಯಲ್ಲಿ ಬುರುಡೆ, ತಗೋ ಅಪ್ಪ, ಬಿಸಿ ಇದೆ, ನಮಗೆ ಅದು ತಪ್ಪು ಅನಿಸುವುದೇ ಇಲ್ಲ, ಮಾಟೆ ಇಲ್ಲದ ಪ್ರಯಾಣ ಒಂದು ಪ್ರಯಾಣವೇ. ಊರು ಹತ್ತಿರವಾಗಿತ್ತು, ಕೆಕೆನ್ ಹೊಳೆಯ ಸೇತುವೆ ಇನ್ನೇನು ಬಂತು ಅನ್ನುವಾಗ. ಪಕ್ಕದ ಮನೆಯವರು ನನ್ನನ್ನು ಕರೆದುಕೊಂಡು ಹೋದರು, ಪಿಕಪ್ಪು ರಸ್ತೆಯ ಎಡಕ್ಕೆ ಹಳ್ಳದಲ್ಲಿ ಮಗುಚಿತ್ತು, ಒಂದು ಚಕ್ರ ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು, ಐಲೇನ್ ಬೆಂಕಿದಳದವನ ದೊಡ್ಡ ಜಾಕೆಟ್ಟಿನೊಳಗೆ ಹುಲ್ಲಿನ ಮೇಲೆ ಕೂತಿದ್ದಳು, ಮೊಣಕೈ ತರಚಿದ್ದು ಬಿಟ್ಟರೆ ಏನೂ ಇಲ್ಲ, ಏನೂ ಇಲ್ಲ, ನಾನು ಅವಳ ಮೈಯೆಲ್ಲ ತಡವಿದೆ, ಗೆರ್ಮಾನನನ್ನು ಸ್ಟ್ರೆಚರಿನಲ್ಲಿ ಎತ್ತುತ್ತಿದ್ದರು, ಕಾಲು ನೋಡಬೇಡಿ ಅಂದರು, ನಾನು ತಲೆ ತಿರುಗಿಸಿದೆ, ತಿರುಗಿಸಿದ ಕಡೆ ಮುಳ್ಳುಗಿಡಗಳು, ಬೇಸಿಗೆಯಲ್ಲಿ ರಸ್ತೆಬದಿ ಪೂರ್ತಿ ಬೆಳೆಯುತ್ತವಲ್ಲ ನೇರಳೆ ಹೂವಿನವು, ಅದರ ನಡುವೆ ನಮ್ಮ ಹಸಿರು ಥರ್ಮಸ್, ನೆಟ್ಟಗೆ ನಿಂತಿತ್ತು, ಯಾರೋ ಪಿಕ್‌ನಿಕ್ಕಿಗೆ ಬಂದು ಇಟ್ಟುಹೋದ ಹಾಗೆ, ಬಿಸಿಲಿಗೆ ಹೊಳೆಯುತ್ತಾ, ಒಂದು ನೆಗ್ಗು ಬಿದ್ದಿರಲಿಲ್ಲ. ಅದನ್ನು ಎತ್ತಿಕೊಂಡೆ, ಯಾಕೆ ಅಂತ ಕೇಳಿದರೆ ಗೊತ್ತಿಲ್ಲ, ಕೈಗೆ ಮುಳ್ಳು ಗೀರಿತು, ಆಂಬುಲೆನ್ಸಿನಲ್ಲಿ ಒಂದು ತೊಡೆಯ ಮೇಲೆ ಮಗು ಒಂದು ತೊಡೆಯ ಮೇಲೆ ಥರ್ಮಸ್, ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ, ಮಗುವನ್ನು ಪರೀಕ್ಷಿಸಲು ಡಾಕ್ಟರು ಒಳಗೆ ಕರೆದುಕೊಂಡು ಹೋದಾಗ, ಕೈಗೆ ಏನಾದರೂ ಕೆಲಸ ಬೇಕಿತ್ತು, ಅದರ ತಿರುಪು ಮುಚ್ಚಳ ತಿರುಗಿಸಿದೆ, ಬರಲೇ ಇಲ್ಲ, ಅಷ್ಟು ಬಿಗಿ, ಸ್ಕರ್ಟಿನ ಅಂಚು ಸುತ್ತಿ ಎರಡೂ ಕೈಯಲ್ಲಿ ತಿರುಗಿಸಿದಾಗ ಬಂತು, ಒಳಗಿಂದ ಹಬೆ ಮೇಲೆದ್ದು ಮುಖಕ್ಕೆ ತಾಗಿತು, ನೀರು ಇನ್ನೂ ಬಿಸಿ, ಗಾಡಿ ಮಗುಚಿದೆ ಕಾಲು ಜಜ್ಜಿದೆ ನೀರು ಇನ್ನೂ ಬಿಸಿ, ಆಗ ಅತ್ತದ್ದು ನಾನು, ಅದಕ್ಕೂ ಮುಂಚೆ ಅತ್ತಿರಲಿಲ್ಲ. ಮನೆಗೆ ತಂದು ಕಪಾಟಿನ ಮೇಲೆ, ಹಿಟ್ಟಿನ ಡಬ್ಬಿಗಳ ಹಿಂದೆ ಇಟ್ಟೆ, ಇಟ್ಟರೇನು, ಪಾತ್ರೆ ತಿಕ್ಕುವಾಗ, ನಿದ್ದೆ ಬರುವ ಮುಂಚೆ, ಕೆಲಸ ತಪ್ಪಿದ ಕ್ಷಣವೆಲ್ಲ ಅದೇ ಬಂದು ನಿಲ್ಲುತ್ತದೆ, ಮುಳ್ಳುಗಿಡದ ನಡುವೆ ಹಸಿರು ಥರ್ಮಸ್, ಗೆರ್ಮಾನನ ಮುಖವಲ್ಲ, ರಕ್ತವಲ್ಲ, ಅದು, ಏನು ಹೇಳಲು ಬರುತ್ತದೋ, ಹೇಳದೆಯೇ ಹೋಗುತ್ತದೆ.

ಬಾರೇ ಸುಲ್ಮಾ, ಬಾ, ಕೇಳಿದ್ಯಾ ಸದ್ದು, ಗೆರ್ಮಾನ್ ಪೆಟ್ಟಿಗೆಯ ಹಿಂದಿನಿಂದ ತಲೆ ಹೊರಗೆ ಹಾಕಿ ಕೂಗುತ್ತಾನೆ, ಗಡ್ಡದಲ್ಲಿ ಜೇಡರಬಲೆ, ಕೇಳದೇ ಏನು, ನನ್ನ ಚಾದರ ಮಣ್ಣಿಗೆ ಬಿತ್ತು, ಅಂದೆ, ಸ್ಪೀಕರಿನ ತಂತಿ ಇಲಿ ಕಡಿದಿತ್ತು ಅಷ್ಟೇ, ನಾನು ಬೋರ್ಡೇ ಹೋಯ್ತು ಅಂದ್ಕೊಂಡು ಒದ್ದಾಡ್ತಿದ್ದೆ, ಈಗ ಸ್ಟೀರಿಂಗ್ ನೋಡು, ತಿರುಗಿಸು ತಿರುಗಿಸು, ತಿರುಗಿಸಿದೆ, ಕೈ ಬಿಟ್ಟೆ, ಸ್ಟೀರಿಂಗು ತಾನಾಗಿ ಮೆಲ್ಲಗೆ ಹಿಂದೆ ಬಂದು ನಟ್ಟನಡುವೆ ನಿಂತಿತು, ಪರದೆಯ ಕಾರು ರಸ್ತೆಯ ಮೇಲೆ ನೆಟ್ಟಗೆ, ಎಡಕ್ಕಿಲ್ಲ ಬಲಕ್ಕಿಲ್ಲ, ಏನ್ ಮಾಡಿದ್ಯೋ, ಹಲ್ಲುಚಕ್ರ ಹೊಸದು ಹಾಕ್ದೆ, ಎಲ್ಲಿ ಸಿಕ್ತು, ಸಿಕ್ತು, ಎಲ್ಲಿ ಗೆರ್ಮಾನ್, ಅವನು ಸ್ಕ್ರೂಡ್ರೈವರಿನಿಂದ ಕಿವಿ ತುರಿಸಿಕೊಂಡ, ಬಾಗಿಲಲ್ಲಿದ್ದ ಐಲೇನ್ ಕೆಳಗೆ ನೋಡಿದಳು, ಇಬ್ಬರ ಮುಖವೂ ಒಂದೇ ಅಚ್ಚು, ಬೆಣ್ಣೆ ಕದ್ದ ಬೆಕ್ಕಿನ ಮುಖ, ನಮ್ಮ ವಾಷಿಂಗ್ ಮೆಷಿನ್ನಾ, ಟೈಮರ್ ಒಳಗಿನದು ಕಣೇ, ಹಲ್ಲು ಹಲ್ಲಿಗೂ ಸರಿಹೋಯ್ತು, ನೋಡು ದೇವರು ಅಳತೆ ಮಾಡಿ ಮಾಡಿದ ಹಾಗೆ, ಹೊಸದು ತರಿಸ್ತೀನಿ, ಆಣೆ, ಅಲ್ಲೀತನಕ ನಾನು ಕೈಲಿ ಒಗೀಲಾ, ಸಿಟ್ಟು ಬರಬೇಕಿತ್ತು, ಕೆಂಪು ಬೆರಳು ಎತ್ತಿ ತೋರಿಸಿದೆ, ಆದರೆ ಗಂಟಲಲ್ಲಿ ನಗುವೇ ಉಬ್ಬುತ್ತಿದೆ, ಹೋಗಲಿ, ಒಂದು ಹಲ್ಲುಚಕ್ರ ತಾನೆ, ಮೊದಲಿನ ಗೆರ್ಮಾನ್ ಹೀಗೇ ಇದ್ದ, ಮದುವೆಯ ವರ್ಷ ನನ್ನ ಹೇರ್ ಡ್ರೈಯರಿನ ಮೋಟಾರು ಕಿತ್ತು ಯಾರದೋ ಮೀನಿನ ತೊಟ್ಟಿಗೆ ಹಾಕಿದ್ದ, ಆ ಕಳ್ಳ ವಾಪಸ್ ಬಂದಿದ್ದಾನೆ, ಬಂದ ಕಳ್ಳನನ್ನು ಬಾಗಿಲಲ್ಲೇ ಬೈದರೆ ಹೇಗೆ.

ಏನಿದು ಹಬ್ಬ, ಗೇಟಿನ ಹತ್ತಿರದಿಂದಲೇ ಎಲ್ಬಾ ಅತ್ತೆಯ ದನಿ, ಗೆರ್ಮಾನನ ತಾಯಿ, ಎರಡು ಬೀದಿ ಆಚೆ ಇರುತ್ತಾರೆ, ಮಾತು ಅವರಿಗಿಂತ ಮುಂಚೆ ಬರುತ್ತದೆ, ತಟ್ಟೆಯಲ್ಲಿ ಕರಿದ ಹಿಟ್ಟಿನ ರೊಟ್ಟಿ, ಮೇಲೆ ಸಕ್ಕರೆ, ಬಟ್ಟೆ ಮುಚ್ಚಿದೆ, ನನ್ನ ತಂತಿ ನೋಡಿದರು, ಬಕೆಟ್ಟು ನೋಡಿದರು, ಇದೇನಮ್ಮಾ ಸುಲ್ಮಾ, ರಿಪೇರಿ ಅಂಗಡಿಯಲ್ಲಿ ಕೈ ಒಗೆತ, ಕೇಳಿ ನಿಮ್ಮ ಮಗನ್ನೇ, ಅಂದೆ, ಮೂವತ್ತು ವರ್ಷ ಕೇಳಿ ಸಾಕಾಗಿದೆ, ಈಗ ನಿನ್ನ ಸರದಿ, ಅಂದುಕೊಂಡು ನೇರ ಅಡುಗೆಮನೆಗೆ ನುಗ್ಗಿದರು, ಮಾಟೆ ನಾನೇ ಇಡ್ತೀನಿ, ನೀನಿಟ್ರೆ ಕಾಲು ತೊಳೆದ ನೀರು, ಒಳಗಿಂದ ಡಬ್ಬಿ ಸರಿಸುವ ಸದ್ದು, ಏನೋ ಬಿದ್ದ ಸದ್ದು, ನಾನು ಕೇಳಿಸಿಕೊಳ್ಳಲಿಲ್ಲ, ಯಾಕೆಂದರೆ ಗೆರ್ಮಾನ್ ಸೀಟಿನಲ್ಲಿ ಕೂರಲು ಹೊರಟಿದ್ದ. ಮೊದಲು ಬಲಗಾಲು ಒಳಗೆ, ಆಮೇಲೆ ಮಡಚದ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಆಚೆ ಇಟ್ಟ, ನೋವಾಗ್ತಿದ್ಯಾ, ಇಲ್ಲ ಕಣೇ, ಇದಕ್ಕೆ ಕ್ಲಚ್ಚಿಲ್ಲ, ಬಲಗಾಲೊಂದೇ ಸಾಕು, ನನಗೋಸ್ಕರಾನೇ ಮಾಡಿಟ್ಟಿದ್ರು ನೋಡು, ಐಲೇನ್ ಒಂದು ಬಿಲ್ಲೆ ಕೊಡಮ್ಮ, ಅವಳು ಡಬ್ಬಿಯಿಂದ ಒಂದು ಆರಿಸಿ ಅಂಗಿಗೆ ಒರೆಸಿ ಕೊಟ್ಟಳು, ಟಣ್ ಅಂತ ಒಳಗೆ ಬಿತ್ತು, ಆ ಸದ್ದು, ನನ್ನ ಹದಿನೆಂಟನೇ ವಯಸ್ಸು ಆ ಸದ್ದಿನಲ್ಲಿತ್ತು, ಕಾರು ಹೊರಟಿತು, ಗೆರ್ಮಾನನ ಕೈಗಳು ಸ್ಟೀರಿಂಗಿನ ಮೇಲೆ, ಅವನು ಇನ್ನು ಜನ್ಮದಲ್ಲಿ ಹಿಡಿಯೋದಿಲ್ಲ ಅಂದಿದ್ದ ಸ್ಟೀರಿಂಗು, ಬೆರಳ ಗಂಟು ಮೊದಲು ಬೆಳ್ಳಗಿದ್ದವು, ಒಂದು ತಿರುವು, ಇನ್ನೊಂದು ತಿರುವು, ಆಮೇಲೆ ಬಣ್ಣ ಬಂತು, ಸೇತುವೆ ಬಂತು ಪರದೆಯಲ್ಲಿ, ಸೇತುವೆ ದಾಟಿತು, ಸಮುದ್ರ ಬಂತು, ಇಲ್ಲೇ ಅಲ್ವೇನೇ ನೀನು ಹಾರಿದ್ದು, ಅಂದ, ಕಣ್ಣು ರಸ್ತೆಯ ಮೇಲೇ ಇಟ್ಟು, ಇಲ್ಲೇ ಕಣೋ, ಅಂದೆ.

ಐಲೇನ್ ಎರಡೂ ಕಾಲು ಒಳಗಿಟ್ಟಿದ್ದಾಳೆ, ನೋಡಿದೆನೋ ಇಲ್ಲವೋ ಅನ್ನುವ ಹಾಗೆ ನೋಡಿದೆ, ಸೀಟಿನ ಪಕ್ಕದವರೆಗೆ ಬಂದಿದ್ದಾಳೆ, ಸೀಟಿನ ಬೆನ್ನಿನ ಮೇಲೆ ಒಂದು ಬೆರಳಿಟ್ಟಿದ್ದಾಳೆ, ಅಪ್ಪ ತಿರುಗಿದಾಗ ಅವಳ ಭುಜವೂ ತಿರುಗುತ್ತದೆ, ಅಲ್ಲಿ ಹಳ್ಳ ಇದೆ ಅಪ್ಪ, ನೋಡ್ದೆ ಮಗಳೇ, ಆಗ ಅತ್ತೆ ಬಂದರು, ಒಂದು ಕೈಯಲ್ಲಿ ಮಾಟೆಯ ಬುರುಡೆ, ಇನ್ನೊಂದರಲ್ಲಿ — ಹಸಿರು ಥರ್ಮಸ್, ಅದೆಲ್ಲಿತ್ತು ಅತ್ತೆ, ಅಂದೆ, ಕಪಾಟಿನ ಮೇಲೆ, ಹಿಟ್ಟಿನ ಡಬ್ಬಿ ಹಿಂದೆ, ಇಷ್ಟು ಒಳ್ಳೇದನ್ನ ಅಲ್ಲಿ ಬಚ್ಚಿಟ್ಟು ಆ ಸ್ಟೀಲಿನ ದರಿದ್ರದ್ದರಲ್ಲಿ ತಣ್ಣೀರು ಕೊಡ್ತೀಯಲ್ಲ, ಅವರಿಗೆ ಗೊತ್ತಿಲ್ಲ, ಹೇಗೆ ಗೊತ್ತಾಗಬೇಕು, ನಾನು ಯಾರಿಗೂ ಹೇಳಿಲ್ಲ, ಕಸಿದುಕೊಳ್ಳಲೇ, ಕಸಿದುಕೊಂಡರೆ ಮಗು ನೋಡುತ್ತದೆ, ನೋಡಿದ್ದಾಳೆ ಆಗಲೇ, ಬೆರಳು ಸೀಟಿನಿಂದ ಕೆಳಗೆ ಬಂದಿದೆ, ಅತ್ತೆ ಕೂರಲು ಜಾಗ ಹುಡುಕುತ್ತಿದ್ದಾರೆ, ಒಂದು ಡಬ್ಬದ ಮೇಲೆ ಕೂತರು, ಅಯ್ಯೋ ನನ್ನ ಮಂಡಿ ಹೋಯ್ತು, ಅಂದರು, ಏ ಹುಡುಗಿ, ನೀನ್ಯಾಕೆ ಕಂಬದ ಹಾಗೆ ನಿಂತಿದ್ದೀಯ, ನಿಮ್ಮಪ್ಪ ಗಾಡಿ ಓಡಿಸ್ತಿಲ್ವಾ, ಪಕ್ಕ ಇರೋಳು ನೀನಲ್ವಾ, ಮಾಟೆ ಯಾರು ಕೊಡ್ಬೇಕು, ನಾನಾ, ಕೈ ಏನು ಬಾಡಿಗೆಗೆ ಕೊಟ್ಟಿದ್ದೀಯಾ, ಅಮ್ಮ ಸಾಕು, ಅಂದ ಗೆರ್ಮಾನ್ ಪರದೆಯಿಂದ ಕಣ್ಣು ತೆಗೆಯದೆ, ದನಿ ಬದಲಾಗಿತ್ತು, ಏನ್ ಸಾಕು, ಒಂದು ಮಾಟೆ ಕೊಡು ಅಂದ್ರೆ ಸಾಕಾ, ನಾನು ಬಾಯಿ ತೆಗೆದೆ, ಅತ್ತೆ ಬಿಡಿ ನಾನು ಕೊಡ್ತೀನಿ ಅನ್ನಲು, ಕಾಯಿರಿ ಅಂದಿದ್ದಳಲ್ಲ ಆಸ್ಪತ್ರೆಯ ಆ ಹೆಂಗಸು, ಬಾಯಿ ಮುಚ್ಚಿದೆ, ಒದ್ದೆ ಕೈಗಳನ್ನು ಏಪ್ರನ್ನಿನೊಳಗೆ ಬಚ್ಚಿಟ್ಟೆ, ಅವು ಹೊರಗಿದ್ದರೆ ಏನಾದರೂ ಮಾಡಿಬಿಡುತ್ತವೆ.

ಅವಳು ಬಂದಳು, ಮೆಲ್ಲಗೆ, ನೀರಿಗಿಳಿಯುವವರ ಹಾಗೆ, ಅಜ್ಜಿಯ ಕೈಯಿಂದ ಬುರುಡೆ ತಗೊಂಡಳು, ಥರ್ಮಸ್ ತಗೊಂಡಳು, ಒಮ್ಮೆ ತೂಕ ನೋಡಿದಳು, ಮುಚ್ಚಳ ತಿರುಗಿಸಿದಳು, ಹಬೆ ಬಂತು, ನೀರು ಬಗ್ಗಿಸಿದಳು, ಮರೆತಿಲ್ಲ, ಕೊಳವೆಯ ಪಕ್ಕಕ್ಕೇ, ಸೊಪ್ಪು ಪೂರ್ತಿ ನೆನೆಯದ ಹಾಗೆ, ಮೊದಲ ಕಹಿ ತಾನೇ ಹೀರಿದಳು, ಮುಖ ಹಿಂಡಿತು, ಎರಡನೆಯದನ್ನು ಬಗ್ಗಿಸಿ, ಅಪ್ಪನ ಕಡೆ ಚಾಚದೆ, ಬುರುಡೆಯನ್ನು ಪೆಟ್ಟಿಗೆಯ ಮೇಲಿಟ್ಟು, ಎರಡೂ ಕೈಯಲ್ಲಿ ಥರ್ಮಸಿನ ಮುಚ್ಚಳ ತಿರುಗಿಸಿ ಮುಚ್ಚಿದಳು, ತಿರುಗಿಸಿದಳು, ಹಲ್ಲು ಕಚ್ಚಿ ಇನ್ನೂ ಒಂದು ಸುತ್ತು, ಆಮೇಲೆ ಬುರುಡೆ ಎತ್ತಿ, ತಗೋ ಅಪ್ಪ, ಬಿಸಿ ಇದೆ, ಅವನು ಬಲಗೈಯಲ್ಲಿ ತಗೊಂಡ, ಎಡಗೈ ಸ್ಟೀರಿಂಗಿನ ಮೇಲೆ, ಕಾರು ಅಲುಗಲಿಲ್ಲ, ಪರದೆಯ ರಸ್ತೆ ನೆಟ್ಟಗೆ ಹರಿಯುತ್ತಿದೆ, ಅತ್ತೆ ರೊಟ್ಟಿ ಬಾಯಿಗಿಟ್ಟುಕೊಂಡು ಅಗಿಯುವುದನ್ನು ಮರೆತಿದ್ದಾರೆ, ಕೊಳವೆಯಲ್ಲಿ ಕೊನೆಯ ಹನಿ ಸುರ್ರೆಂದಿತು, ಅವನು ಬುರುಡೆ ವಾಪಸ್ ಕೊಟ್ಟ, ಇನ್ನೊಂದು ಬೇಕು ಅಂತ ಅರ್ಥ, ಸಾಕಾದರೆ ಥ್ಯಾಂಕ್ಸ್ ಅನ್ನುತ್ತೇವೆ, ಅವನು ಅನ್ನಲಿಲ್ಲ, ಅವಳು ಬುರುಡೆಯನ್ನು ಎದೆಗೆ ಒತ್ತಿಕೊಂಡಳು, ಥರ್ಮಸನ್ನು ನೋಡಿದಳು, ನನ್ನ ಕಡೆ ತಿರುಗಿದಳು, ಅಪ್ಪನ ಕಡೆಯಲ್ಲ, ನನ್ನ ಕಡೆ, ತುಟಿ ಅಲುಗುವುದನ್ನು ಕಂಡೆ, ಎಷ್ಟು ಸಲ ಅಲುಗಿ ನಿಂತಿರುವ ತುಟಿ, ಈ ಸಲ ನಿಲ್ಲಲಿಲ್ಲ, ಅಮ್ಮ, ಆವತ್ತು ಅಪ್ಪನಿಗೆ ಮಾಟೆ ಕೊಟ್ಟ ಮೇಲೆ ನಾನು ಥರ್ಮಸ್ ಮುಚ್ಚಿದ್ನಾ ಇಲ್ವಾ, ನನಗೆ ನೆನಪಾಗ್ತಿಲ್ಲ, ಮುಚ್ಚದೇ ಬಿಟ್ಟು ಬಿಸಿನೀರು ಅಪ್ಪನ ಕಾಲ ಮೇಲೆ ಚೆಲ್ಲಿ, ಅದಕ್ಕೇನಾ ಗಾಡಿ ಆಚೆ ಹೋಗಿದ್ದು — ಇದಾ, ಇದೇನಾ, ಇಷ್ಟು ಕಾಲ ಇದನ್ನಾ ಹೊತ್ತುಕೊಂಡಿದ್ದೆ ನನ್ನ ಕಂದಾ, ಉತ್ತರ ನನ್ನ ಕೈಯಲ್ಲೇ ಇತ್ತಲ್ಲ, ಎರಡೂ ಕೈಯಲ್ಲಿ, ಸ್ಕರ್ಟಿನ ಅಂಚು ಸುತ್ತಿ, ಆಸ್ಪತ್ರೆಯ ಬೆಂಚಿನ ಮೇಲೆ ಅದನ್ನು ತೆಗೆದವಳು ನಾನೇ ಅಲ್ಲವೇ, ಮುಳ್ಳುಗಿಡದ ನಡುವೆ ಹಸಿರು ಥರ್ಮಸ್, ನೆಟ್ಟಗೆ, ಬಿಸಿಲಲ್ಲಿ, ಮುಚ್ಚಳ ಬಿಗಿಯಾಗಿ, ನೀನೇ ಬಿಗಿಯಾಗಿ ತಿರುಪಿದ್ದೆ.